48_3 ಎಂದರೆ ಎಷ್ಟು? ಸ್ಕ್ಯಾನರಿಗೆ ಅಂಡರ್‌ಸ್ಕೋರ್ ಕಲಿಸುವ ಮುನ್ನ

ಶಿರಸಿಯ ಅಡಿಕೆ ಮಂಡಿಯೊಂದರ ತೂಕದ ಲೆಕ್ಕಕ್ಕಾಗಿ ಕೆಲವು ವರ್ಷಗಳ ಹಿಂದೆ ನಾನು ಒಂದು ಪುಟ್ಟ ಭಾಷೆಯನ್ನು ಬರೆದುಕೊಟ್ಟಿದ್ದೆ. ಭಾಷೆ ಎನ್ನುವುದು ದೊಡ್ಡ ಮಾತಾಯಿತು. ಗುಮಾಸ್ತರು ಒಂದು ಫೈಲಿನಲ್ಲಿ ‘ರಾಶಿ 48 _3’, ‘ಚಾಲಿ 61 _7’ ಎಂಬಂಥ ಸಾಲುಗಳನ್ನು ಬರೆಯುತ್ತಿದ್ದರು, ಅಷ್ಟೆ. ಮೊದಲಿನದು ಅಡಿಕೆಯ ಬಗೆ, ನಡುವಿನದು ಕಿಲೋ ಲೆಕ್ಕದ ತೂಕ, ಅಂಡರ್‌ಸ್ಕೋರಿನಿಂದ ಶುರುವಾಗುವುದು ಲಾಟಿನ ಗುರುತು. ಮುಂದೆ ಮೊತ್ತಗಳನ್ನು ಓದುವುದು ಸುಲಭವಾಗಲಿ ಎಂದು 12_50_000 ಎಂಬ ಬರವಣಿಗೆಗೂ ಅವಕಾಶ ಮಾಡಿಕೊಟ್ಟೆ. ಮಾರನೆಯ ವಾರವೇ ವಯಸ್ಸಾದ ಬೆಳೆಗಾರರೊಬ್ಬರು ತಮ್ಮ ಪಟ್ಟಿಯನ್ನು ನೋಡಿ, ‘ತಮಾ, ಇಷ್ಟು ಅಡಿಕೆ ನಮ್ಮ ತೋಟದಲ್ಲಿ ಯಾವತ್ತೂ ಆದದ್ದಿಲ್ಲ’ ಎಂದು ಗುಮಾಸ್ತರಿಗೆ ಹೇಳಿದರಂತೆ. ಅವಸರದಲ್ಲಿ ಸ್ಪೇಸ್ ಬಿಟ್ಟುಹೋಗಿ ಫೈಲಿನಲ್ಲಿ ‘ರಾಶಿ 48_3’ ಎಂದಿತ್ತು. ಹಳೆಯ ಸ್ಕ್ಯಾನರ್ ಅದನ್ನು 48 ಮತ್ತು _3 ಎಂದು ತಾನೇ ಬಿಡಿಸಿಕೊಳ್ಳುತ್ತಿದ್ದುದರಿಂದ ಅಲ್ಲಿಯವರೆಗೆ ಯಾರಿಗೂ ಅಡ್ಡಿಯಾಗಿರಲಿಲ್ಲ. ಹೊಸ ಸ್ಕ್ಯಾನರ್ ಅದನ್ನು 483 ಎಂದು ಓದಿತು. ಲಾಟಿನ ಗುರುತು ಇಲ್ಲದಿದ್ದರೂ ನಡೆಯುತ್ತದೆ ಎಂದು ನಾನೇ ಸಡಿಲ ಬಿಟ್ಟಿದ್ದರಿಂದ ದೋಷ ಸಂದೇಶವೂ ಬರಲಿಲ್ಲ.

ಸ್ಕ್ಯಾನರ್ ಎಂದರೆ ಇಲ್ಲಿ ಕಾಗದದ ಚಿತ್ರ ತೆಗೆಯುವ ಯಂತ್ರವಲ್ಲ; ಪ್ರೋಗ್ರಾಮಿನ ಅಕ್ಷರಗಳನ್ನು ಎಡದಿಂದ ಬಲಕ್ಕೆ ಓದುತ್ತ ಸಂಖ್ಯೆ, ಹೆಸರು, ಚಿಹ್ನೆ ಎಂಬ ಟೋಕನ್‌ಗಳಾಗಿ ಬಿಡಿಸಿ, ಅವುಗಳ ವಾಕ್ಯರಚನೆಯನ್ನು ಗುರುತಿಸುವ ಪಾರ್ಸರಿಗೆ ಕೊಡುವ ಭಾಗ. ಬಹುತೇಕ ಸ್ಕ್ಯಾನರ್‌ಗಳು ಪಾಲಿಸುವ ನಿಯಮ ಒಂದೇ: ಈಗ ಓದುತ್ತಿರುವ ಟೋಕನ್ ಎಷ್ಟು ದೂರ ಬೆಳೆಯಬಹುದೋ ಅಷ್ಟು ದೂರ ಅದನ್ನು ಬೆಳೆಸಬೇಕು. ಅಂಡರ್‌ಸ್ಕೋರನ್ನು ಸಂಖ್ಯೆಯೊಳಗೆ ಬಿಟ್ಟುಕೊಳ್ಳುವುದು ಎಂದರೆ, ನಿನ್ನೆಯವರೆಗೆ ಸಂಖ್ಯೆಯನ್ನು ಮುಗಿಸುತ್ತಿದ್ದ ಅಕ್ಷರವನ್ನು ಇವತ್ತಿನಿಂದ ಸಂಖ್ಯೆಯನ್ನು ಮುಂದುವರಿಸುವ ಅಕ್ಷರವನ್ನಾಗಿ ಮಾಡುವುದು. ಹಾಗಾಗಿ ಕೋಡಿಗೆ ಕೈಹಾಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಅಂಕಿಯ ಬೆನ್ನಿಗೇ ಅಂಡರ್‌ಸ್ಕೋರ್ ಬಂದರೆ ನಿಮ್ಮ ಹಳೆಯ ಸ್ಕ್ಯಾನರ್ ಏನು ಮಾಡುತ್ತಿತ್ತು ಎಂಬುದು. ಕೈಪಿಡಿಯಲ್ಲಿ ಏನು ಬರೆದಿದೆ ಎಂದು ನೋಡಿ ಸುಮ್ಮನಾಗಬೇಡಿ; 1_000 ಎಂದು ಬರೆದು ಓಡಿಸಿಯೇ ನೋಡಿ.

ಅದಕ್ಕೆ ದೋಷ ಬರುತ್ತಿದ್ದರೆ ನೀವು ಪುಣ್ಯವಂತರು. ಜಾವಾಸ್ಕ್ರಿಪ್ಟ್ ಇಂಥ ಪುಣ್ಯವಂತ ಭಾಷೆ. ಸಂಖ್ಯೆಯ ಬೆನ್ನಿಗೇ ಹೆಸರು ಶುರುವಾಗುವ ಅಕ್ಷರ ಬರಕೂಡದು ಎಂಬ ನಿಯಮ ಅದರಲ್ಲಿ ಮೊದಲೇ ಇದ್ದುದರಿಂದ 1_000 ಎಂಬುದು ಯಾವ ಹಳೆಯ ಪ್ರೋಗ್ರಾಮಿನಲ್ಲೂ ಓಡುವಂತಿರಲಿಲ್ಲ, ಆದ್ದರಿಂದ 2021ರಲ್ಲಿ ಅದಕ್ಕೆ ಅರ್ಥ ಕೊಟ್ಟಾಗ ಯಾರ ಕೋಡೂ ಕೆಡಲಿಲ್ಲ. ದೋಷವಾಗಿದ್ದುದಕ್ಕೆ ಅರ್ಥ ಕೊಡುವುದು ಸುರಕ್ಷಿತ. ಒಂದು ಅರ್ಥವಿದ್ದುದಕ್ಕೆ ಇನ್ನೊಂದು ಅರ್ಥ ಕೊಡುವುದೇ ಅಪಾಯ.

ಪಠ್ಯದ ಫೈಲುಗಳನ್ನು ಸಾಲುಸಾಲಾಗಿ ಸಂಸ್ಕರಿಸುವ ಆಕ್ (awk) ಭಾಷೆಯಲ್ಲಿ ಇದೇ ಬರವಣಿಗೆ ಎರಡು ಟೋಕನ್ ಆಗುತ್ತದೆ. ಅಲ್ಲಿ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟರೆ ಅವು ಜೋಡಣೆಯಾಗುವುದರಿಂದ, 1_000 ಎಂಬುದನ್ನು ಮುದ್ರಿಸಲು ಹೇಳಿದರೆ 1 ಎಂಬ ಸಂಖ್ಯೆಗೆ _000 ಎಂಬ ಖಾಲಿ ವೇರಿಯಬಲ್ ಅಂಟಿಕೊಂಡು, ಕೊನೆಗೆ ಬರಿಯ 1 ಮುದ್ರಣವಾಗುತ್ತದೆ. ಸಿ ಪ್ಲಸ್ ಪ್ಲಸ್‌ನ ತೊಡಕು ಬೇರೆ ಬಗೆಯದು. 2011ರ ಆವೃತ್ತಿಯಲ್ಲಿ ಬಳಕೆದಾರರು ಸಂಖ್ಯೆಗೆ ತಮ್ಮದೇ ಪ್ರತ್ಯಯವನ್ನು ಅಂಟಿಸುವ ಸೌಲಭ್ಯ ಬಂತು, ಆ ಪ್ರತ್ಯಯಗಳು ಅಂಡರ್‌ಸ್ಕೋರಿನಿಂದಲೇ ಶುರುವಾಗಬೇಕಿತ್ತು. ಹದಿನಾರರ ಮೂಲದ ಸಂಖ್ಯೆಗಳಲ್ಲಿ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಅಂಕಿಗಳೇ ಆದ್ದರಿಂದ, ಅಂಡರ್‌ಸ್ಕೋರಿನ ಮುಂದೆ ಆ ಅಕ್ಷರಗಳು ಬಂದರೆ ಅದು ಸಂಖ್ಯೆಯ ಮುಂದುವರಿಕೆಯೋ ಪ್ರತ್ಯಯವೋ ಎಂದು ಹೇಳುವ ದಾರಿಯೇ ಉಳಿಯಲಿಲ್ಲ. ಅದಕ್ಕಾಗಿ 2014ರ ಆವೃತ್ತಿಯಲ್ಲಿ ಅಂಕಿಗಳ ನಡುವೆ ಒಂಟಿ ಉದ್ಧರಣ ಚಿಹ್ನೆಯನ್ನು, ಅಂದರೆ 1'000 ಎಂಬ ರೂಪವನ್ನು ಆರಿಸಿಕೊಂಡರು. ನೋಡಲು ಚೆಂದವಿಲ್ಲ, ಆದರೆ ಹಳೆಯ ಕೋಡು ಉಳಿಯಿತು.

ನನ್ನ ಪಾಡಿಗೆ ಹತ್ತಿರದ ಉದಾಹರಣೆ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನದು. ಅದರ ಹಳೆಯ ಆವೃತ್ತಿಗಳಲ್ಲಿ 1_000 ಎಂಬುದನ್ನು ಆರಿಸಿ ಕೊಡು ಎಂದು ಕೇಳಿದರೆ, 1 ಎಂಬ ಬೆಲೆಯೂ _000 ಎಂಬ ಕಾಲಮ್ ಹೆಸರೂ ಇರುವ ಉತ್ತರ ಬರುತ್ತಿತ್ತು. ಅವರು 2022ರ 15ನೆಯ ಆವೃತ್ತಿಯಲ್ಲಿ ಸಂಖ್ಯೆಗೆ ಅಂಟಿದ ಅಕ್ಷರವನ್ನು ದೋಷವೆಂದು ತಿರಸ್ಕರಿಸಿದರು. 2023ರ 16ನೆಯ ಆವೃತ್ತಿಯಲ್ಲಿ, ಅದೇ ವರ್ಷದ ಎಸ್‌ಕ್ಯೂಎಲ್ ಮಾನದಂಡಕ್ಕೆ ಅನುಗುಣವಾಗಿ, ಅಂಡರ್‌ಸ್ಕೋರಿಗೆ ಹೊಸ ಅರ್ಥವನ್ನು ಕೊಟ್ಟರು. ನಡುವೆ ದೋಷದ ಒಂದು ಆವೃತ್ತಿಯನ್ನು ಇಟ್ಟದ್ದರಿಂದ, ಆವೃತ್ತಿಗಳನ್ನು ಒಂದೊಂದಾಗಿ ಏರಿಸಿಕೊಂಡು ಬಂದವರಿಗೆ ಹಳೆಯ ಬರವಣಿಗೆ ಎಲ್ಲಿದೆ ಎಂಬುದು ತಾನಾಗಿ ಕಾಣಿಸಿತು. ನಾನು ಹಾರಿ ದಾಟಿದ ಮೆಟ್ಟಿಲು ಇದೇ.

ಇನ್ನು ಸ್ಕ್ಯಾನರಿನ ಕೆಲಸ. ಅದು ನಿಜಕ್ಕೂ ಚಿಕ್ಕದು. ದಶಮಾನ ಪೂರ್ಣಾಂಕಗಳಿಗೆ ಇಷ್ಟು ಸಾಕು:

ಸಂಖ್ಯೆಯನ್ನು ಓದು:
  ೧. ಅಂಕಿಗಳು ಇರುವವರೆಗೂ ಮುಂದೆ ಹೋಗು
  ೨. ಮುಂದಿನದು _ ಆಗಿದ್ದು, ಅದರ ಮುಂದಿನದು ಅಂಕಿಯಾಗಿದ್ದರೆ, _ ಅನ್ನು ದಾಟಿ ೧ಕ್ಕೆ ಮರಳು
  ೩. ಈಗ ಎದುರಿರುವುದು _ ಅಥವಾ ಹೆಸರಿನ ಅಕ್ಷರವಾಗಿದ್ದರೆ, ದೋಷ: ‘ಸಂಖ್ಯೆಗೆ ಅಕ್ಷರ ಅಂಟಿಕೊಂಡಿದೆ’
  ೪. ಇಲ್ಲದಿದ್ದರೆ ಸಂಖ್ಯೆಯ ಟೋಕನ್ ಕೊಡು

ಎರಡನೆಯ ಹೆಜ್ಜೆಗೆ ಎರಡು ಅಕ್ಷರ ಮುಂದೆ ಇಣುಕಿ ನೋಡಬೇಕಾಗುತ್ತದೆ ಎಂಬುದನ್ನು ಗಮನಿಸಿ. ಒಂದೇ ಅಕ್ಷರ ಇಣುಕುವ ಸ್ಕ್ಯಾನರ್ ನಿಮ್ಮದಾಗಿದ್ದರೆ ಆ ಭಾಗವನ್ನು ಮೊದಲು ತಿದ್ದಿಕೊಳ್ಳಿ. ಮೂರನೆಯ ಹೆಜ್ಜೆಯನ್ನು ಎಷ್ಟೋ ಮಂದಿ ಅನಗತ್ಯವೆಂದು ಬಿಟ್ಟುಬಿಡುತ್ತಾರೆ. ಈಗಿನ ಮಟ್ಟಿಗೆ ಅದು ಅನಗತ್ಯವೇ ಇರಬಹುದು, ಆದರೆ ಮುಂದೆ ಸಂಖ್ಯೆಗೆ ಪ್ರತ್ಯಯವನ್ನೋ ಎಂಟು, ಹದಿನಾರು ಎಂಬಂಥ ಮೂಲಮಾನವನ್ನೋ ಸೇರಿಸಬೇಕೆನಿಸಿದಾಗ ಆ ಜಾಗ ಖಾಲಿ ಉಳಿದಿರುವುದು ಈ ಒಂದು ಸಾಲಿನಿಂದ. ಜಾವಾಸ್ಕ್ರಿಪ್ಟನ್ನು ಕಾಯ್ದದ್ದೂ ಇಂಥದೇ ನಿಯಮ. ಟೋಕನ್ನಿನೊಳಗೆ ಬೆಲೆಯ ಜೊತೆಗೆ ಮೂಲ ಬರವಣಿಗೆಯನ್ನೂ ಇಟ್ಟುಕೊಳ್ಳಿ. ಇಲ್ಲದಿದ್ದರೆ ದೋಷ ಸಂದೇಶದಲ್ಲಿ 12_50_000 ಎಂದು ಬರೆದವರಿಗೆ 1250000 ಎಂದು ಕಾಣಿಸಿ ಅವರು ತಮ್ಮದಲ್ಲದ ಸಾಲನ್ನು ಹುಡುಕುತ್ತಾರೆ.

ಅಂಡರ್‌ಸ್ಕೋರ್ ಎಲ್ಲೆಲ್ಲಿ ಸಲ್ಲುತ್ತದೆ ಎಂಬ ವಿಷಯದಲ್ಲಿ ಭಾಷೆಗಳ ನಡುವೆ ಒಮ್ಮತವಿಲ್ಲ. 1983ರ ಏಡಾದಲ್ಲಿಯೇ ಅಂಕಿಗಳ ನಡುವೆ ಒಂದೊಂದು ಅಂಡರ್‌ಸ್ಕೋರಿಗೆ ಜಾಗವಿತ್ತು, ಪೈಥಾನ್ 2016ರಲ್ಲಿ ಹೆಚ್ಚುಕಡಿಮೆ ಅದೇ ಬಿಗಿಯನ್ನು ಇಟ್ಟುಕೊಂಡಿತು. ಜಾವಾ 2011ರ 7ನೆಯ ಆವೃತ್ತಿಯಿಂದ ಸಾಲಾಗಿ ಎರಡು ಮೂರು ಬಂದರೂ ಒಪ್ಪುತ್ತದೆ. ರಸ್ಟ್ ಕೊನೆಯಲ್ಲಿ ನೇತಾಡುವ 1_ ಎಂಬುದನ್ನೂ ಒಪ್ಪುತ್ತದೆ. ಬಿಗಿಯಾಗಿ ಶುರುಮಾಡಿ ಎಂಬುದು ನನ್ನ ಸಲಹೆ, ಏಕೆಂದರೆ ಬಿಗಿಯನ್ನು ನಾಳೆ ಸಡಿಲಿಸಬಹುದು, ಸಡಿಲಿಸಿದ್ದನ್ನು ಬಿಗಿಮಾಡಿದರೆ ಯಾರದೋ ಫೈಲು ಕೆಡುತ್ತದೆ. ಆದರೆ ಎಷ್ಟು ಅಂಕಿಗೊಂದು ಅಂಡರ್‌ಸ್ಕೋರ್ ಎಂಬುದನ್ನು ಮಾತ್ರ ಕಟ್ಟುಮಾಡಬೇಡಿ. ಮೂರು ಮೂರಕ್ಕೆ ಕಟ್ಟಿದರೆ ಲಕ್ಷದ ಲೆಕ್ಕದಲ್ಲಿ ಬದುಕುವ ನಮ್ಮ ಮಂಡಿಯ ಗುಮಾಸ್ತರು 12_50_000 ಎಂದು ಬರೆಯುವಂತಿಲ್ಲ.

ದಶಮಾಂಶ ಬಿಂದುವಿನ ಎರಡೂ ಬದಿಗಳಲ್ಲಿ ಅಂಡರ್‌ಸ್ಕೋರ್ ಬೇಡ. ರಸ್ಟ್ ಸ್ಕ್ಯಾನರ್ 1._5 ಎಂಬುದನ್ನು ಸಂಖ್ಯೆಯಾಗಿ ಓದುವುದೇ ಇಲ್ಲ. ಬಿಂದುವಿನ ಮುಂದೆ ಅಂಡರ್‌ಸ್ಕೋರ್ ಕಂಡೊಡನೆ, ಅದು 1 ಎಂಬುದರ ಒಳಗಿನ _5 ಎಂಬ ಹೆಸರು ಇರಬೇಕು ಎಂದು ಬಿಂದುವಿಗೆ ಮೊದಲೇ ನಿಲ್ಲುತ್ತದೆ. ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳನ್ನು ಎಂಟರ ಮೂಲದವೆಂದು ಓದುವ ಹಳೆಯ ಪದ್ಧತಿ ನಿಮ್ಮ ಭಾಷೆಯಲ್ಲಿದ್ದರೆ 0_12 ಎಂಬುದರ ಮೇಲೂ ಕಣ್ಣಿರಲಿ: ಜಾವಾದಲ್ಲಿ ಅದು ಹನ್ನೆರಡಲ್ಲ, ಹತ್ತು. ಜಾವಾಸ್ಕ್ರಿಪ್ಟ್ ಆ ಬರವಣಿಗೆಯನ್ನೇ ನಿಷೇಧಿಸಿದೆ, ಅದೇ ಒಳ್ಳೆಯದು.

ಪ್ರೋಗ್ರಾಮಿನ ಪಠ್ಯವನ್ನು ಓದುವ ಸ್ಕ್ಯಾನರ್ ಒಂದು, ಹೊರಗಿನಿಂದ ಬಂದ ಪಠ್ಯವನ್ನು ಸಂಖ್ಯೆಯಾಗಿಸುವ ಫಂಕ್ಷನ್ ಇನ್ನೊಂದು. ಇವೆರಡನ್ನೂ ಒಟ್ಟಿಗೆ ಬದಲಿಸಬೇಕೆ ಎಂಬುದು ಬೇರೆಯೇ ನಿರ್ಧಾರ, ಇದನ್ನು ಮರೆತವರು ಬಹಳ. ಪೈಥಾನ್ ಎರಡನ್ನೂ ಬದಲಿಸಿತು: 3.6ನೆಯ ಆವೃತ್ತಿಗೆ ಮೊದಲು "1_000" ಎಂಬ ಪಠ್ಯವನ್ನು ಪೂರ್ಣಾಂಕವಾಗಿಸಲು ಹೊರಟರೆ ದೋಷ ಬರುತ್ತಿತ್ತು, ಈಗ ಸಾವಿರ ಬರುತ್ತದೆ. ಬಳಕೆದಾರರು ಟೈಪ್ ಮಾಡಿದ್ದು ಸಂಖ್ಯೆಯೇ ಎಂದು ಪರೀಕ್ಷಿಸಲು ಆ ದೋಷವನ್ನೇ ನಂಬಿಕೊಂಡಿದ್ದ ಕೋಡು ಅಂದಿನಿಂದ 48_3 ಎಂಬಂಥ ಸಂಕೇತವನ್ನೂ ಸಂಖ್ಯೆಯೆಂದು ಒಳಗೆ ಬಿಡುತ್ತದೆ. ಜಾವಾಸ್ಕ್ರಿಪ್ಟ್ ಪರಿವರ್ತನೆಯ ಫಂಕ್ಷನ್‌ಗಳನ್ನು ಮುಟ್ಟಲಿಲ್ಲ. 2019ರಲ್ಲಿ 1.13ನೆಯ ಆವೃತ್ತಿಯಲ್ಲಿ ಅಂಡರ್‌ಸ್ಕೋರ್ ತಂದ ಗೋ ಭಾಷೆ ನಡುದಾರಿ ಹಿಡಿಯಿತು: ಪರಿವರ್ತನೆಯ ಫಂಕ್ಷನ್ನಿಗೆ ಮೂಲಮಾನವನ್ನು 0 ಎಂದು ಕೊಟ್ಟು ‘ಬರವಣಿಗೆಯನ್ನು ನೋಡಿ ನೀನೇ ತೀರ್ಮಾನಿಸು’ ಎಂದಾಗ ಮಾತ್ರ ಅಂಡರ್‌ಸ್ಕೋರ್ ಸಲ್ಲುತ್ತದೆ, 10 ಎಂದು ಖಚಿತವಾಗಿ ಹೇಳಿದಾಗ ಸಲ್ಲುವುದಿಲ್ಲ. ನಾನು ಗೋ ದಾರಿಯ ಪಕ್ಷ.

ಕನ್ನಡದಲ್ಲಿ ಹೆಸರುಗಳನ್ನು ಇಡುವವರು ಇನ್ನೆರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಯೂನಿಕೋಡ್ ಪಟ್ಟಿಯ ಪ್ರಕಾರ ಅಂಡರ್‌ಸ್ಕೋರ್ ಹೆಸರಿನ ನಡುವೆ ಬರಬಹುದಾದ ಅಕ್ಷರ, ಹೆಸರನ್ನು ಶುರುಮಾಡುವ ಅಕ್ಷರವಲ್ಲ. ಶುರುವಿನಲ್ಲಿಯೂ ಬೇಕೆಂದರೆ ನೀವೇ ಸೇರಿಸಿಕೊಳ್ಳಬೇಕು. ನಮ್ಮ ಕಾಗುಣಿತದ ಚಿಹ್ನೆಗಳೂ ಒತ್ತಕ್ಷರದ ವಿರಾಮವೂ ಅದೇ ನಡುವಿನ ವರ್ಗಕ್ಕೆ ಸೇರಿದ್ದು, ಆದ್ದರಿಂದ ‘ಅಡಿಕೆ_ದರ’ ಎಂಬ ಹೆಸರು ಪೈಥಾನಿನಲ್ಲಿ ಸಲೀಸಾಗಿ ನಡೆಯುತ್ತದೆ. ಗೋ ಭಾಷೆ ಹೆಸರಿನಲ್ಲಿ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇಷ್ಟನ್ನೇ ಒಪ್ಪುವುದರಿಂದ ‘ಅಡಿಕೆ’ ಅಲ್ಲಿ ಡಿ ಎಂಬಲ್ಲಿಯ ಗುಡಿಸಿಗೇ ಎಡವುತ್ತದೆ. ಎರಡನೆಯದು ಅಂಕಿಗಳ ಸಂಗತಿ: ‘ಇದು ಅಂಕಿಯೇ’ ಎಂದು ಲೈಬ್ರರಿಯ ಫಂಕ್ಷನ್ನನ್ನು ಕೇಳಿದರೆ ೪ ಮತ್ತು ೮ಕ್ಕೂ ಹೌದೆನ್ನುವುದುಂಟು. ಅವನ್ನು ಒಳಗೆ ಬಿಡುವುದಿಲ್ಲವಾದರೆ 0 ಮತ್ತು 9ರ ನಡುವೆ ಇದೆಯೇ ಎಂದು ನೇರವಾಗಿ ಹೋಲಿಸಿ ನೋಡಿ.

ಒಂಟಿ ಅಂಡರ್‌ಸ್ಕೋರನ್ನು ಕೀವರ್ಡ್, ಅಂದರೆ ಭಾಷೆ ತನಗೇ ಕಾಯ್ದಿಟ್ಟುಕೊಂಡ ಪದ, ಮಾಡುವ ಆಸೆಯಿದ್ದರೆ ಜಾವಾದವರ ತಾಳ್ಮೆಯನ್ನು ನೋಡಬೇಕು. 2014ರ 8ನೆಯ ಆವೃತ್ತಿಯಲ್ಲಿ ಆ ಹೆಸರಿಟ್ಟವರಿಗೆ ಎಚ್ಚರಿಕೆ ಕೊಟ್ಟರು, 2017ರ 9ನೆಯ ಆವೃತ್ತಿಯಲ್ಲಿ ದೋಷವೆಂದರು, ‘ಇದಕ್ಕೆ ಹೆಸರು ಬೇಕಿಲ್ಲ’ ಎಂಬ ಹೊಸ ಅರ್ಥವನ್ನು ಪೂರ್ಣವಾಗಿ ಕೊಟ್ಟದ್ದು 2024ರ 22ನೆಯ ಆವೃತ್ತಿಯಲ್ಲಿ.

ನಮಗೆ ಅಷ್ಟು ವರ್ಷ ಬೇಕಾಗಲಿಲ್ಲ. ಮೊದಲು ಹೊಸ ಅರ್ಥವನ್ನು ಹಿಂದಕ್ಕೆ ತೆಗೆದು, ಅಂಕಿ, ಅಂಡರ್‌ಸ್ಕೋರ್, ಅಂಕಿ ಈ ಕ್ರಮದಲ್ಲಿ ಬಂದದ್ದೂ ಸೇರಿ ಅಂಕಿಯ ಬೆನ್ನಿಗೆ ಅಂಡರ್‌ಸ್ಕೋರ್ ಅಂಟಿ ಬಂದದ್ದೆಲ್ಲವನ್ನೂ ಸಾಲಿನ ಸಂಖ್ಯೆಯೊಂದಿಗೆ ದೋಷವೆಂದು ತೋರಿಸುವ ಸ್ಕ್ಯಾನರನ್ನು ಕೊಟ್ಟೆ. ಹಳೆಯ ಫೈಲುಗಳನ್ನೆಲ್ಲ ಅದರ ಮೂಲಕ ಓಡಿಸಿ, ಸಿಕ್ಕ ಸಾಲುಗಳನ್ನು ಗುಮಾಸ್ತರ ಪಕ್ಕದಲ್ಲಿ ಕುಳಿತು ಕಾಂಟಾದ ಚೀಟಿಯೊಂದಿಗೆ ತಾಳೆ ನೋಡಿದೆ. ಈ ಕೆಲಸವನ್ನು ಯಂತ್ರಕ್ಕೆ ಬಿಡಲಾಗದು. 48_3 ಎಂದು ಬರೆದವರ ಮನಸ್ಸಿನಲ್ಲಿದ್ದುದು ಯಾವುದು ಎಂಬುದು ಫೈಲಿನಲ್ಲಿ ಇರುವುದಿಲ್ಲ. ಅಡಿಕೆ ಸುಗ್ಗಿಯೊಂದು ಮುಗಿಯುವವರೆಗೆ ಹಾಗೆಯೇ ಬಿಟ್ಟು, ಆಮೇಲೆ ಫೈಲಿನ ಮೊದಲ ಸಾಲಿನಲ್ಲಿ ‘ಆವೃತ್ತಿ 2’ ಎಂದು ಬರೆದವರಿಗೆ ಮಾತ್ರ ಹೊಸ ಅರ್ಥವನ್ನು ಕೊಟ್ಟೆ. ಗೋ ಭಾಷೆಯೂ ಮಾಡ್ಯೂಲ್ ಫೈಲಿನಲ್ಲಿ ಬರೆದಿರುವ ಆವೃತ್ತಿ 1.13ಕ್ಕಿಂತ ಹಳೆಯದಾಗಿದ್ದರೆ ಅಂಡರ್‌ಸ್ಕೋರನ್ನು ಒಪ್ಪುವುದಿಲ್ಲ. ಉಪಾಯವನ್ನು ಅಲ್ಲಿಂದಲೇ ತಂದದ್ದು.

ಪರೀಕ್ಷೆಯ ಫೈಲಿನಲ್ಲಿ ಈಗ 48_3, 48 _3, 48_, 48__3, 4_8 _3, 48_ರಾಶಿ ಎಂಬ ಆರು ಬರವಣಿಗೆಗಳಿವೆ, ಪ್ರತಿಯೊಂದನ್ನೂ ದೋಷ ತೋರಿಸುವ ಹಳೆಯ ಆವೃತ್ತಿಯಲ್ಲೂ ಹೊಸ ಆವೃತ್ತಿ 2ರಲ್ಲೂ ಓಡಿಸುತ್ತೇನೆ. ಎರಡರಲ್ಲೂ ಒಂದೇ ಬೆಲೆಯನ್ನು ಕೊಡುವುದು 48 _3 ಮಾತ್ರ. 48_3 ಮತ್ತು 4_8 _3 ಹಳೆಯದರಲ್ಲಿ ದೋಷ, ಹೊಸದರಲ್ಲಿ ಸಂಖ್ಯೆ. ಮಿಕ್ಕ ಮೂರು ಎರಡರಲ್ಲೂ ದೋಷ. ತೂಕದ ಸಾಲುಗಳಲ್ಲಿ ಆವೃತ್ತಿ 2ನ್ನು ಬಳಸುವುದಕ್ಕೆ ಗುಮಾಸ್ತರು ಇನ್ನೂ ಒಪ್ಪಿಲ್ಲ, ದರಪಟ್ಟಿಯ ಫೈಲಿಗೆ ಮಾತ್ರ ಅದನ್ನು ಇಟ್ಟುಕೊಂಡಿದ್ದಾರೆ.