ಬೆಳಗಾವಿಯಿಂದ ಪಣಜಿಗೆ: ದಂಪತಿಗಳ ಎರಡು ದಿನಗಳ ಪ್ರವಾಸ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಮೂಲಕ ಪಣಜಿಗೆ ಹೋಗುವವರು ನಸುಕಿನಲ್ಲೇ ಹೊರಡಬೇಕು. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯಲ್ಲಿ ಸ್ವಲ್ಪ ಹೊತ್ತು ನಿಂತು ಮುಂದುವರಿಯುವುದು ಒಳ್ಳೆಯದು. ಮಳೆಗಾಲದಲ್ಲಿ ಘಾಟಿನಲ್ಲಿ ಮಂಜು ಕವಿಯುತ್ತದೆ, ಸಮುದ್ರಕ್ಕಿಳಿಯುವುದೂ ಅಪಾಯ. ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲವೇ ಸೂಕ್ತ.

ಮೊದಲ ದಿನ ಹಳೆ ಗೋವಾಕ್ಕೆ ಹೋಗಿ, 1605ರಲ್ಲಿ ಪ್ರತಿಷ್ಠಾಪನೆಗೊಂಡ, ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪಾರ್ಥಿವ ಶರೀರವಿರುವ ಬೊಮ್ ಜೀಸಸ್ ಬೆಸಿಲಿಕಾ ಎಂಬ ಚರ್ಚನ್ನು ನೋಡಿರಿ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಧರಿಸಿರಿ. ಸಂಜೆ ಪಣಜಿಯ ಹಳೆಯ ಬಡಾವಣೆಯಾದ ಫೊಂಟೇನ್ಹಾಸ್‌ನ ಓಣಿಗಳಲ್ಲಿ ನಡೆದಾಡಿರಿ. ಹಳದಿ, ನೀಲಿ ಗೋಡೆಗಳ ಆ ಮನೆಗಳಲ್ಲಿ ಜನ ವಾಸಿಸುತ್ತಿದ್ದಾರೆ. ಅವರ ಹೊಸ್ತಿಲ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳುವುದು ಸರಿಯಲ್ಲವೆಂದು ನಾನು ಬಲವಾಗಿ ನಂಬುತ್ತೇನೆ.

ಊಟಕ್ಕೆ ಪೇಟೆಯ ಸಣ್ಣ ಖಾನಾವಳಿಯಲ್ಲಿ ಮಧ್ಯಾಹ್ನದ ಮೀನೂಟವನ್ನೇ ಕೇಳಿರಿ: ಅನ್ನ, ತೆಂಗಿನಕಾಯಿ ಹಾಕಿದ ಹುಳಿ ಸಾರು, ರವೆ ಹಚ್ಚಿ ಹುರಿದ ಮೀನು, ಕೊನೆಗೆ ಕೋಕಂ ಹಾಗೂ ತೆಂಗಿನಹಾಲಿನ ಗುಲಾಬಿ ಬಣ್ಣದ ಪಾನೀಯ ಸೋಲ್‌ಕಡಿ. ತೆಂಗಿನಹಾಲು, ಮೊಟ್ಟೆಯ ಹಳದಿ, ತುಪ್ಪ ಬಳಸಿ ಒಂದೊಂದೇ ಪದರವನ್ನು ಬೇಯಿಸಿ ಮಾಡುವ ಬೆಬಿಂಕಾ ಎಂಬ ಸಿಹಿತಿಂಡಿಯನ್ನು ಮರೆಯದೆ ತಿನ್ನಿರಿ. ತುಂಡನ್ನು ಅಡ್ಡ ಕೊಯ್ದಾಗ ಕಂದು ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ.

ರಾತ್ರಿ ಮಾಂಡೋವಿ ನದಿಯ ದೋಣಿವಿಹಾರಕ್ಕೆ ಹೋಗಬಹುದು. ಕ್ಯಾಸಿನೊಗಿಂತ ನನಗೆ ಇದೇ ಹಿತ. ಮದ್ಯ ಸೇವಿಸುವವರು ವಾಹನ ನಡೆಸದೆ, ನಡೆದು ತಲುಪುವಷ್ಟು ಹತ್ತಿರದಲ್ಲೇ ಕೋಣೆ ಹಿಡಿಯಬೇಕು.