ಹೆಡ್‌ಸೆಟ್ ಕೊಳ್ಳುವ ಮೊದಲು ಕಣ್ಣುಗಳ ಅಂತರ ಅಳೆಯಿರಿ

ಕಣ್ಣಿಗೆ ಕಟ್ಟಿಕೊಂಡು ಕೃತಕ ಲೋಕದೊಳಗೆ ಹೊಕ್ಕಂತೆ ನೋಡುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಮನೆಗೆ ತಂದು, ಹತ್ತೇ ನಿಮಿಷದಲ್ಲಿ ತಲೆನೋವು ಬರಿಸಿಕೊಂಡು, ಅದನ್ನು ಅಟ್ಟಕ್ಕೇರಿಸಿದವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಬೆಲೆ, ಮೆಮೊರಿ, ರೆಸಲ್ಯೂಶನ್ ಎಲ್ಲವನ್ನೂ ಹೋಲಿಸಿ ನೋಡಿದ್ದ ಅವರು ತಮ್ಮ ಎರಡು ಪಾಪೆಗಳ ನಡುವಿನ ಅಂತರವನ್ನು ಮಾತ್ರ ಅಳೆದಿರಲಿಲ್ಲ.

ಹೆಡ್‌ಸೆಟ್‌ನ ಎರಡು ಲೆನ್ಸ್‌ಗಳ ನಡುವಿನ ಅಂತರ ಇದಕ್ಕೆ ಹೊಂದಬೇಕಾದ್ದರಿಂದ ಮೊದಲ ಹೆಜ್ಜೆ ಈ ಅಳತೆಯೇ. ವಯಸ್ಕರಲ್ಲಿ ಅದು ಸರಾಸರಿ 63 ಮಿಲಿಮೀಟರ್ ಇದ್ದರೂ ಒಬ್ಬರಿಂದೊಬ್ಬರಿಗೆ ಬದಲಾಗುತ್ತದೆ. ಕನ್ನಡಿಯಿಂದ ಸುಮಾರು 20 ಸೆಂಟಿಮೀಟರ್ ದೂರ ನಿಂತು, ಸ್ಕೇಲನ್ನು ಅಂಕಿಗಳು ಕನ್ನಡಿಗೆ ಮುಖ ಮಾಡುವಂತೆ ಹುಬ್ಬಿಗೆ ತಾಗಿಸಿ ಅಡ್ಡವಾಗಿ ಹಿಡಿಯಿರಿ. ಎಡಗಣ್ಣು ಮುಚ್ಚಿ, ಸೊನ್ನೆಯ ಗೆರೆಯನ್ನು ಬಲ ಪಾಪೆಯ ನಡುಮಧ್ಯಕ್ಕೆ ಹೊಂದಿಸಿ. ಬಳಿಕ ತಲೆಯನ್ನಾಗಲಿ ಸ್ಕೇಲನ್ನಾಗಲಿ ಕದಲಿಸದೆ, ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದು, ಅದರ ಪಾಪೆಯ ನಡುವೆ ಬೀಳುವ ಗೆರೆಯನ್ನು ಓದಿ. ಬಹುತೇಕರು ಎಡವುವುದು ಇಲ್ಲಿಯೇ: ಎರಡೂ ಕಣ್ಣುಗಳನ್ನು ಒಟ್ಟಿಗೆ ತೆರೆದರೆ, ಹತ್ತಿರದ ಬಿಂಬವನ್ನು ನೋಡಲು ಪಾಪೆಗಳು ಮೂಗಿನ ಕಡೆಗೆ ವಾಲಿ ಅಳತೆ ಕಡಿಮೆ ಬರುತ್ತದೆ. ಕನ್ನಡಿಯಲ್ಲಿ ಅಂಕಿಗಳು ತಿರುಗಿ ಕಾಣುವುದರಿಂದ, 6 ಸೆಂಟಿಮೀಟರ್ ಗೆರೆಯನ್ನು ಗುರುತಿಸಿಕೊಂಡು ಅಲ್ಲಿಂದ ಸಣ್ಣ ಗೆರೆಗಳನ್ನು ಎಣಿಸುವುದು ಒಳ್ಳೆಯದು. ಮೂರು ಬಾರಿ ಅಳೆದು ಸರಾಸರಿ ತೆಗೆಯಿರಿ. ಇಷ್ಟು ತಾಳ್ಮೆಯಿಲ್ಲದವರು ಕನ್ನಡಕದ ಅಂಗಡಿಯಲ್ಲಿ ದೂರ ನೋಡುವಾಗಿನ ‘ಪಿಡಿ’ (ಪಾಪೆಗಳ ನಡುವಿನ ಅಂತರ) ಎಷ್ಟೆಂದು ಕೇಳಿ ಬರೆಸಿಕೊಳ್ಳಬಹುದು. ಓದುವ ಕನ್ನಡಕಕ್ಕೆಂದು ತೆಗೆದ ಅಳತೆ ಇಲ್ಲಿ ಕೆಲಸಕ್ಕೆ ಬಾರದು.

ಎರಡನೆಯದು ಆಯ್ಕೆ. ಮೆಟಾ ಕಂಪನಿಯ ಹೆಡ್‌ಸೆಟ್ ಆದ ಕ್ವೆಸ್ಟ್ 3ಎಸ್‌ನಲ್ಲಿ ಲೆನ್ಸ್‌ಗಳು 58, 63, 68 ಮಿಲಿಮೀಟರ್ ಎಂಬ ಮೂರೇ ಸ್ಥಾನಗಳಲ್ಲಿ ನಿಲ್ಲುತ್ತವೆ. ಕ್ವೆಸ್ಟ್ 3ರಲ್ಲಿ ಗಾಲಿ ತಿರುಗಿಸಿ ನಡುವಿನ ಅಳತೆಗಳಿಗೂ ಹೊಂದಿಸಬಹುದು. ನಿಮ್ಮ ಅಳತೆ 60 ಅಥವಾ 66ರ ಆಸುಪಾಸಿನಲ್ಲಿದ್ದರೆ ಬೆಲೆ ಹೆಚ್ಚಾದರೂ ಗಾಲಿಯಿರುವುದನ್ನೇ ಕೊಳ್ಳಿ. ಫೋನ್ ತುರುಕುವ ಅಗ್ಗದ ಪ್ಲಾಸ್ಟಿಕ್ ಡಬ್ಬಿಗಳ ಮಾತೇ ಬೇಡ; ಅವು ತಲೆ ತಿರುಗಿಸಿದ್ದನ್ನಷ್ಟೇ ಗುರುತಿಸುತ್ತವೆ, ನೀವು ಹೆಜ್ಜೆಯಿಟ್ಟದ್ದು ಅವುಗಳಿಗೆ ತಿಳಿಯದು, ಹೊಟ್ಟೆ ತೊಳಸಲು ಅಷ್ಟೇ ಸಾಕು.

ಕನ್ನಡಕದ ವಿಷಯದಲ್ಲೊಂದು ಗೊಂದಲವಿದೆ. ಪರದೆ ಕಣ್ಣಿಗೆ ಅಂಟಿಕೊಂಡಂತಿದ್ದರೂ ಲೆನ್ಸ್‌ಗಳು ಅದರ ಬಿಂಬವನ್ನು ಸಾಮಾನ್ಯವಾಗಿ ಒಂದೆರಡು ಮೀಟರ್ ಆಚೆಗೆ ಮೂಡಿಸುವುದರಿಂದ, ಚಾಳೀಸು ಬಂದವರಿಗೆ ಓದುವ ಕನ್ನಡಕ ಇಲ್ಲಿ ಸಾಮಾನ್ಯವಾಗಿ ಬೇಡ, ದೂರದ ಕನ್ನಡಕ ಬಳಸುವವರಿಗೆ ಅದು ಬೇಕಾಗಬಹುದು. ಕನ್ನಡಕದ ಗಾಜು ಲೆನ್ಸ್‌ಗೆ ತಾಗಿ ಗೀರದಂತೆ ನಡುವೆ ಅಂತರ ಉಳಿಸುವ ಸ್ಪೇಸರ್ ಹಾಕಿಕೊಳ್ಳಿ.

ಧರಿಸುವಾಗ ಭಾರವನ್ನು ಮೂಗಿನ ಮೇಲೆ ಬಿಡದೆ ನೆತ್ತಿಯ ಪಟ್ಟಿಯನ್ನು ಬಿಗಿಮಾಡಿ, ಅಕ್ಷರಗಳು ಸ್ಪಷ್ಟವಾಗುವವರೆಗೆ ಮೇಲೆ ಕೆಳಗೆ ಸರಿಸಿ. ಎರಡು ಕಣ್ಣುಗಳು ದೃಶ್ಯದೊಳಗಿನ ವಸ್ತುವಿನ ದೂರಕ್ಕೆ ತಕ್ಕಂತೆ ಹೊರಳಿದರೂ ಅವುಗಳ ಫೋಕಸ್ ಮಾತ್ರ ಬಿಂಬ ಮೂಡಿದ ಒಂದೇ ದೂರದಲ್ಲಿ ನಿಲ್ಲಬೇಕಾಗುವುದರಿಂದ ಕಣ್ಣು ದಣಿಯುತ್ತದೆ. ಆದ್ದರಿಂದ ಮೊದಲ ವಾರ 15 ನಿಮಿಷಕ್ಕಿಂತ ಹೆಚ್ಚು ಬೇಡ, ನಡುನಡುವೆ ಕಣ್ಣು ಮಿಟುಕಿಸಿ. ಮೆಟಾ 10 ವರ್ಷದೊಳಗಿನ ಮಕ್ಕಳಿಗೆ ಇದನ್ನು ಒಪ್ಪುವುದಿಲ್ಲ, ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಕೆಲಸ ಮುಗಿದ ಮೇಲೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಲೆನ್ಸ್ ಒರೆಸಿ, ಸ್ಪಿರಿಟ್ ಹಚ್ಚಬೇಡಿ. ಕಿಟಕಿಯ ಬಿಸಿಲಿಗೆ ಲೆನ್ಸ್ ಮುಖಮಾಡಿ ಇಟ್ಟರೆ ಅದು ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಕೂಡಿಸಿ ಒಳಗಿನ ಪರದೆಯನ್ನು ಕೆಲವೇ ನಿಮಿಷಗಳಲ್ಲಿ ಸುಡಬಲ್ಲದು. ಬಳಸಿದ ಕೂಡಲೇ ಚೀಲದಲ್ಲಿಡಿ.