ತಾಯಿ ಕಾರ್ಡ್ ಜೋಪಾನ: ಮಗುವಿನ ಬಿಪಿ ನೋಡುವಾಗ ಬೇಕಾಗುತ್ತದೆ

ಹೆರಿಗೆಯಾಗಿ ಮೊದಲ ಚುಚ್ಚುಮದ್ದುಗಳು ಮುಗಿದ ಮೇಲೆ ತಾಯಿ ಕಾರ್ಡ್ ಬೀರುವಿನ ತಳ ಸೇರುತ್ತದೆ. ಅದರ ಮೂರು ವಿವರಗಳನ್ನು ಮಕ್ಕಳ ವೈದ್ಯರಿಗೆ ತೋರಿಸಲೇಬೇಕು: ಹುಟ್ಟುತೂಕ, ಎಷ್ಟನೇ ವಾರಕ್ಕೆ ಹೆರಿಗೆಯಾಯಿತು, ಬಸಿರಿನಲ್ಲಿ ಬಿಪಿ ಅಥವಾ ಸಕ್ಕರೆ ಏರಿತ್ತೇ ಎನ್ನುವುದು. ಮೂತ್ರಪಿಂಡದಲ್ಲಿ ರಕ್ತ ಸೋಸುವ ನೆಫ್ರಾನ್‌ಗಳು ಸುಮಾರು 36ನೇ ವಾರಕ್ಕೆ ರೂಪುಗೊಂಡು ಮುಗಿಯುತ್ತವೆ. ಗರ್ಭದಲ್ಲಿ ಬೆಳವಣಿಗೆ ಕುಂಠಿತವಾದರೆ ಅವುಗಳ ಸಂಖ್ಯೆ ಕಡಿಮೆಯಾಗಿ, ಮುಂದೆ ಬಿಪಿ ಏರಲು ದಾರಿಯಾಗಬಹುದು.

ಹಾಗೆಂದು ತೂಕ 2.5 ಕೆ.ಜಿ.ಗಿಂತ ಕಡಿಮೆಯಿದ್ದ ಮಾತ್ರಕ್ಕೆ ಹೆದರಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿ ದೊಡ್ಡವರಾದವರನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಡಿಮೆ ಹುಟ್ಟುತೂಕಕ್ಕೂ ಬಿಪಿಗೂ ನಂಟು ಕಾಣಲಿಲ್ಲ.

ಬಸಿರಿನಲ್ಲಿ ಪ್ರತಿ ತಪಾಸಣೆಯಲ್ಲೂ ಬಿಪಿ ಅಳೆಸಿ ಬರೆಸಿಕೊಳ್ಳಿ. 140/90 ಮುಟ್ಟಿದರೆ, ಅಥವಾ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. 14ನೇ ವಾರದಿಂದ ಕ್ಯಾಲ್ಸಿಯಂ 500 ಮಿ.ಗ್ರಾಂ. ಮಾತ್ರೆ ದಿನಕ್ಕೆರಡು, ಊಟದ ಜೊತೆ. ಕಬ್ಬಿಣಾಂಶದ ಮಾತ್ರೆಯನ್ನೂ ಅದರೊಂದಿಗೇ ನುಂಗುವುದು ಎಲ್ಲೆಡೆ ಕಾಣುವ ತಪ್ಪು. ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಆದ್ದರಿಂದ ಎರಡು ಗಂಟೆ ಅಂತರವಿರಲಿ. ಹಿಂದಿನ ಬಸಿರಿನಲ್ಲಿ ಬಿಪಿ ಏರಿದ್ದರೆ 16 ವಾರ ತುಂಬುವ ಮೊದಲೇ ವೈದ್ಯರಿಗೆ ಹೇಳಿ, ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕೇ ಎಂದು ಅವರು ನಿರ್ಧರಿಸುತ್ತಾರೆ. ನೀವಾಗಿಯೇ ಶುರುಮಾಡಬೇಡಿ.

ಮಗುವಿಗೆ 3 ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ದಿನ ತುಂಬದೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ್ದರೆ ಇನ್ನೂ ಮೊದಲೇ. ಇಲ್ಲಿ ಎಡವಟ್ಟಾಗುವುದು ಪಟ್ಟಿಯಲ್ಲಿ, ಅಂದರೆ ತೋಳಿಗೆ ಸುತ್ತುವ ಕಫ್‌ನಲ್ಲಿ. ಅದರೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40, ಉದ್ದ ಶೇ. 80ರಿಂದ 100 ಇರಬೇಕು. ತೋಳು 16 ಸೆಂ.ಮೀ. ಇದ್ದರೆ ಅಗಲ ಸುಮಾರು 6.5, ಉದ್ದ 13ರಿಂದ 16. ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳಾಗಿ ಏರುತ್ತದೆ, ದೊಡ್ಡದು ಕಟ್ಟಿದರೆ ಇಳಿಯುತ್ತದೆ. ಮೂತ್ರ ಮಾಡಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ಊರಿಸಿ 5 ನಿಮಿಷ ಸುಮ್ಮನೆ ಕೂರಿಸಿ. ಬಲಗೈ ಎದೆಯ ಮಟ್ಟಕ್ಕಿರಲಿ. ಅತ್ತ ಕೂಡಲೇ ಅಳೆದರೆ ಪ್ರಯೋಜನವಿಲ್ಲ.

ಅಂಕಿಯನ್ನು 120/80ಕ್ಕೆ ಹೋಲಿಸಬೇಡಿ. 5 ವರ್ಷದ ಮಗುವಿಗೆ ಮೇಲಿನ ಅಂಕಿ 115 ಬಂದರೆ ಅದು ಹೆಚ್ಚೇ. ವಯಸ್ಸು, ಎತ್ತರ, ಹೆಣ್ಣೋ ಗಂಡೋ ಎಂಬುದಕ್ಕೆ ತಕ್ಕ ಕೋಷ್ಟಕ ವೈದ್ಯರ ಬಳಿ ಇರುತ್ತದೆ. ಒಂದೇ ಅಳತೆಗೆ ಗಾಬರಿಯಾಗಬೇಡಿ, ಬೇರೆ ಬೇರೆ ದಿನ ಮೂರು ಸಲ ಹೆಚ್ಚು ಬಂದರಷ್ಟೇ ಅಧಿಕ ಬಿಪಿ ಎನ್ನುತ್ತಾರೆ.